ಆಯಿ ಊದುತ್ತಿದ್ದ ಕೊಳವೆ

ಖಾನಾಪುರದ ನಮ್ಮ ಮನೆಯಲ್ಲಿ ಒಡೆಯದ ಸಾಮಾನು ಒಂದೂ ಇರಲಿಲ್ಲ, ದುರಸ್ತಿಯಾಗದ ಸಾಮಾನೂ ಒಂದೂ ಇರಲಿಲ್ಲ. ಒಡೆಯುವವನೂ ಅಪ್ಪ, ಕೂಡಿಸುವವನೂ ಅಪ್ಪ. ಗೋಡೆಗೆ ಎಸೆದ ತಂಬಿಗೆಯ ತಗ್ಗನ್ನು ಭಾನುವಾರ ಕೂತು ಮರದ ಸುತ್ತಿಗೆಯಿಂದ ಹೊರಗಿನಿಂದ ಒಂದು, ಒಳಗಿನಿಂದ ಒಂದು ಮೆಲ್ಲಗೆ ಬಡಿದು ಎಬ್ಬಿಸುತ್ತಿದ್ದ. ಒದ್ದು ಮುರಿದ ಬಾಗಿಲಿಗೆ ಹೊಸ ಪಟ್ಟಿ ಹೊಡೆದು, ಅದರ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ, ನಮ್ಮ ಕೈಗೆ ಮುಳ್ಳು ಹತ್ತಬಾರದೆಂದು ತನ್ನ ಅಂಗೈಯನ್ನೇ ಅದರ ಮೇಲೆ ಎಳೆದು ನೋಡುತ್ತಿದ್ದ. ಮೂರು ಕಾಲಿನ ಮಣೆ, ಗಡಿಯಾರದ ಗಾಜು, ನನ್ನ ಪಾಟಿ, ದೇವರ ಮಾಡದ ಕದ, ಎಲ್ಲದರ ಮೇಲೂ ಅವನ ಕೈಯ ಗುರುತಿತ್ತು. ನಮ್ಮ ತಾಯಿ, ಆಯಿಯ ಎಡಗೈ ಮಣಿಕಟ್ಟು ಒಂದನ್ನು ಮಾತ್ರ ಅವನಿಗೆ ಕೂಡಿಸಲು ಬರಲಿಲ್ಲ. ಅದು ಸೊಟ್ಟಗೇ ಕೂಡಿಕೊಂಡಿತು.

ಮನೆ ಎಂದರೆ ರೈಲಿನ ಡಬ್ಬಿಯ ಹಾಗೆ ಸಾಲಾಗಿ ಮೂರು ಕೋಣೆ. ಮುಂದೆ ಪಡಸಾಲೆ, ನಡುವೆ ನಾವೆಲ್ಲ ಮಲಗುವ ಕೋಣೆ, ಕೊನೆಗೆ ಅಡುಗೆಮನೆ. ಅದರಾಚೆ ಬಚ್ಚಲು, ಆಮೇಲೆ ಕಲ್ಲು ಗೋಡೆಯ ಹಿತ್ತಲು. ಹಿತ್ತಲ ಬಾಗಿಲು ದಾಟಿ ಹತ್ತು ನಿಮಿಷ ನಡೆದರೆ ಮಲಪ್ರಭೆ. ಅಪ್ಪ ಬೆಳಗಾವಿಯಲ್ಲಿ ಒಂದು ಸಣ್ಣ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ, ಬೆಳಗಿನ ಗಾಡಿಗೆ ಹೋಗಿ ಸಂಜೆ ಗಾಡಿಗೆ ಬರುತ್ತಿದ್ದ. ಸಂಜೆ ಸ್ಟೇಶನ್ನಿನಲ್ಲಿ ಗಾಡಿ ಕೂಗಿತೆಂದರೆ ಆಯಿ ಎದ್ದು ನೀರಿನ ಮಣ್ಣಿನ ಕೊಡವನ್ನು ಮಂಚದ ಕೆಳಗೆ ಸರಿಸುತ್ತಿದ್ದಳು, ಉಪ್ಪಿನಕಾಯಿ ಭರಣಿಯನ್ನು ಒಲೆಯ ಹಿಂದಿನ ಮೂಲೆಗೆ ಇಡುತ್ತಿದ್ದಳು, ಕೈಗೆ ಸಿಗುವ ಜಾಗದಲ್ಲಿ ಸ್ಟೀಲಿನ ಪಾತ್ರೆಗಳನ್ನಷ್ಟೇ ಬಿಡುತ್ತಿದ್ದಳು. ಎಲ್ಲ ಮನೆಗಳಲ್ಲೂ ಹೆಂಗಸರು ಗಾಡಿ ಕೂಗಿದ ಮೇಲೆ ಹೀಗೆಯೇ ಮಾಡುತ್ತಾರೆಂದು ನಾನು ಬಹಳ ವರ್ಷ ತಿಳಿದಿದ್ದೆ.

ಅಪ್ಪನ ಊರು ಪಾರಿಶ್ವಾಡ, ಜೋಳದ ರೊಟ್ಟಿಯ ಊರು. ಆಯಿ ಗೋವಾದ ಕಡೆಯ ಕಾಡಿನ ಹಳ್ಳಿಯವಳು. ಮರಾಠಿ ಮಾತು, ಅಕ್ಕಿಯ ಭಾಕರಿ, ಮೀನಿನ ಆಮಟಿ. ನಾವಿಬ್ಬರು ಮಕ್ಕಳು, ನಾನು ಮತ್ತು ನನಗಿಂತ ನಾಲ್ಕು ವರ್ಷ ಸಣ್ಣ ಕಮಲಿ, ತಾಯಿಯನ್ನು ಅವಳ ಕಡೆಯವರ ಹಾಗೆ ಆಯಿ ಎಂದೇ ಕರೆಯುತ್ತಿದ್ದೆವು. ಅವಳ ಕೈಗೆ ಜೋಳದ ಹಿಟ್ಟು ಒಗ್ಗಲು ವರ್ಷಗಳೇ ಹಿಡಿದವು. ರೊಟ್ಟಿಯ ಅಂಚು ಸೀಳುತ್ತಿತ್ತು. ಸೀಳಿದ ರೊಟ್ಟಿ ತಾಟಿಗೆ ಬಿದ್ದರೆ ಅಪ್ಪ ಅದನ್ನು ಎತ್ತಿ ದೀಪದ ಬೆಳಕಿಗೆ ಹಿಡಿದು ನೋಡುತ್ತಿದ್ದ, ಕಾರ್ಖಾನೆಯಲ್ಲಿ ಕೆಟ್ಟ ಬೋಲ್ಟನ್ನು ನೋಡುವ ಹಾಗೆ. ಆಮೇಲೆ ತಾಟು ಹಾರುತ್ತಿತ್ತು. ರೊಟ್ಟಿ ಬರೀ ನೆಪ, ಹೊಟ್ಟೆಯೊಳಗಿನ ದಾರೂ ಮಾತಾಡುತ್ತಿತ್ತು ಎಂದು ಹೇಳುವವರಿದ್ದಾರೆ. ನಾನು ಹೇಳುವುದಿಲ್ಲ. ಕುಡಿಯದ ದಿನವೂ ಹೊಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆದರೆ ಆಯಿ ಹಾಗೆಯೇ ನಂಬಿದ್ದಳು, ಪಾಪ. ಬೆಳಗಾವಿಯ ಅಂಗಡಿಯಲ್ಲಿ ಏನು ಬೆರೆಸಿ ಕೊಡುತ್ತಾರೋ, ಅದು ನೆತ್ತಿಗೇರಿ ಮನುಷ್ಯನನ್ನು ಕೆಡಿಸುತ್ತದೆ ಎಂಬುದು ಅವಳ ಲೆಕ್ಕ. ಅವಳ ತವರಿನಲ್ಲಿ ಬೇಸಿಗೆ ಬಂತೆಂದರೆ ಪ್ರತಿ ಮನೆಯೂ ಕಾಜೂ, ಅಂದರೆ ಗೇರು ಹಣ್ಣು ತುಳಿದು, ರಸ ಹುಳಿಸಿ, ಭಟ್ಟಿಯಲ್ಲಿ ಕಾಯಿಸಿ ದಾರೂ ಇಳಿಸುತ್ತಿತ್ತು. ಅಜ್ಜ ಊಟಕ್ಕೆ ಮುಂಚೆ ಒಂದು ಗಿಂಡಿ ಕುಡಿದು ಸುಮ್ಮನೆ ಮಲಗುತ್ತಿದ್ದನಂತೆ. ಒಬ್ಬರೂ ಯಾರ ಮೇಲೂ ಕೈ ಎತ್ತಿದ್ದನ್ನು ಅವಳು ಕಂಡಿರಲಿಲ್ಲವಂತೆ. ಹಾಗಾಗಿ ಒಂದು ಭಾನುವಾರ, ಅಪ್ಪ ತಂಬಿಗೆಯ ತಗ್ಗು ಎಬ್ಬಿಸುತ್ತ ಶಾಂತನಾಗಿದ್ದಾಗ, ಆಯಿ ಅವನೆದುರು ಕುಕ್ಕರಗಾಲಲ್ಲಿ ಕೂತು, ಮನೆಯಲ್ಲೇ ಮಾಡೋಣ, ಶುದ್ಧ ಇರುತ್ತದೆ, ನೀವು ಮನೆಯಲ್ಲೇ ಕುಡಿಯಿರಿ ಎಂದಳು. ಅಪ್ಪ ಸುತ್ತಿಗೆ ಕೆಳಗಿಟ್ಟು ಅವಳ ಮುಖವನ್ನೇ ನೋಡಿದ. ಆಮೇಲೆ ನಕ್ಕ. ಅವನು ನಕ್ಕರೆ ಎಷ್ಟು ಚೆಂದ ಕಾಣುತ್ತಿದ್ದ ಎನ್ನುವುದನ್ನು ಬರೆಯದೆ ಬಿಟ್ಟರೆ ನಾನು ಸುಳ್ಳಿ.

ನನ್ನ ಬಾಲ್ಯದಲ್ಲಿ ಹಬ್ಬವೆಂದು ಕರೆಯಬಹುದಾದ ದಿನಗಳಿದ್ದರೆ ಅವು ಆ ಭಟ್ಟಿ ಕಟ್ಟಿದ ನಾಲ್ಕು ಭಾನುವಾರಗಳು. ಬಚ್ಚಲಿನ ಹಳೆಯ ತಾಮ್ರದ ಹಂಡೆಯನ್ನು ಹಿತ್ತಲಿಗೆ ತಂದರು. ಅಪ್ಪ ಕಲ್ಲು, ಮಣ್ಣು ಕಲಸಿ ಅದಕ್ಕೊಂದು ಒಲೆ ಕಟ್ಟಿದ, ಹೊಗೆ ನಮ್ಮ ಕಡೆ ಬರದಂತೆ ಬಾಯಿ ತಿರುಗಿಸಿದ. ಹಂಡೆಗೆ ತಗಡಿನ ಮುಚ್ಚಳ ಕತ್ತರಿಸಿ ನಡುವೆ ತೂತು ಕೊರೆದ. ಆ ತೂತಿನಿಂದ ಹೊರಟ ತಾಮ್ರದ ಕೊಳವೆ ನೀರು ತುಂಬಿದ ಪೀಪಾಯಿಯೊಳಗೆ ಸುರುಳಿ ಸುತ್ತಿ ಕೆಳಗಿನಿಂದ ಹೊರಬರಬೇಕು. ಹಂಡೆಯ ಉಗಿ ಆ ಸುರುಳಿಯಲ್ಲಿ ತಣ್ಣಗಾಗಿ ಹನಿ ಹನಿಯಾಗಿ ಇಳಿಯಬೇಕು. ಆಯಿಯ ತವರಿನಲ್ಲಿ ಸುರುಳಿ ಇರಲಿಲ್ಲ, ಮಣ್ಣಿನ ಗಡಿಗೆಯ ಮೇಲೆ ನೀರು ಸುರಿಯುತ್ತಿದ್ದರು. ಸುರುಳಿ ಅಪ್ಪನ ತಲೆಯಿಂದ ಬಂದದ್ದು.

ಕೊಳವೆಯನ್ನು ಸುಮ್ಮನೆ ಬಗ್ಗಿಸಿದರೆ ಅದು ಚಪ್ಪಟೆಯಾಗಿ ಮಡಚಿಕೊಳ್ಳುತ್ತದೆ. ಹಾಗಾಗಬಾರದೆಂದರೆ ಒಳಗೆ ಒಣ ಉಸುಕು ತುಂಬಬೇಕು. ಅದು ನನ್ನ ಕೆಲಸ. ಹೊಳೆಯಿಂದ ತಂದ ಉಸುಕನ್ನು ಬಿಸಿಲಿಗೆ ಹರಡಿ, ಜರಡಿ ಹಿಡಿದು, ಕೊಳವೆಯ ಒಂದು ಬಾಯಿಗೆ ಚಿಂದಿ ಬಟ್ಟೆಯ ಬಿರಡೆ ಗಿಡಿದು, ಇನ್ನೊಂದು ಬಾಯಿಂದ ಚಮಚೆ ಚಮಚೆ ಉಸುಕು ಸುರಿದು, ಕೋಲಿನಿಂದ ತಟ್ಟಿ ತಟ್ಟಿ ತುಂಬಬೇಕು. ತುಂಬಿದ ಮೇಲೆ ಆ ಬಾಯಿಗೂ ಚಿಂದಿ. ಅಪ್ಪ ಅದನ್ನು ಮರದ ದಿಮ್ಮಿಯ ಸುತ್ತ ಉಸಿರು ಬಿಗಿಹಿಡಿದು ಬಗ್ಗಿಸುತ್ತ ಹೋಗುತ್ತಿದ್ದ. ಕುತ್ತಿಗೆಯ ನರ ಉಬ್ಬಿ ಬರುತ್ತಿದ್ದವು. ಅದೇ ನರಗಳು ಉಬ್ಬಿದ್ದನ್ನು ನಾನು ಬೇರೆ ಹೊತ್ತಿನಲ್ಲೂ ಕಂಡಿದ್ದೆ, ಆದರೆ ಆ ದಿನ ಹೆದರಿಕೆಯಾಗಲಿಲ್ಲ. ಬಗ್ಗಿಸಿದ ಮೇಲೆ ಚಿಂದಿಗಳನ್ನು ತೆಗೆದು, ಸುರುಳಿಯನ್ನು ತಿರುವಿ ಮುರುವಿ ಕುಟ್ಟಿ, ಉಸುಕನ್ನೆಲ್ಲ ಹೊರಗೆ ಸುರಿಯುವುದೂ ನನ್ನದೇ ಕೆಲಸ. ಒಂದು ಕಾಳು ಉಸುಕು ಉಳಿದರೂ ಉಗಿಗೆ ದಾರಿ ಸಿಗದೆ ಭಟ್ಟಿ ಹಾರಿಹೋಗುತ್ತದೆ ಎಂದು ಅಪ್ಪ ಅವತ್ತು ಹತ್ತು ಸಲ ಹೇಳಿರಬೇಕು. ಮಕ್ಕಳನ್ನು ಹೆದರಿಸಲು ಹೇಳುವ ಮಾತು ಎಂದುಕೊಂಡು ನಾನು ಹೂಂ ಎಂದೆ.

ಸುರುಳಿ ಖಾಲಿಯಾಯಿತೋ ಇಲ್ಲವೋ ನೋಡಲು ಆಯಿ ಒಂದು ರೀತಿ ಕಂಡುಕೊಂಡಳು. ಕೊಳವೆಯ ಮೇಲಿನ ಬಾಯಿಗೆ ತುಟಿ ಇಟ್ಟು ಊದುತ್ತಿದ್ದಳು. ನಾನು ಪೀಪಾಯಿಯ ಕೆಳಗೆ ಕೂತು ಕೊನೆಯ ಬಾಯಿಗೆ ಕೆನ್ನೆ ಒಡ್ಡಬೇಕು. ಅಷ್ಟುದ್ದ ಸುರುಳಿ ಸುತ್ತಿ ಬಂದ ಅವಳ ಉಸಿರು ನನ್ನ ಕೆನ್ನೆಗೆ ತಣ್ಣಗೆ ತಾಕುತ್ತಿತ್ತು, ತಾಮ್ರದ ವಾಸನೆ ಹೊತ್ತು. ಬಂತೇನು ಎಂದು ಅವಳು ಕೇಳುವುದು, ಬಂತು ಎಂದು ನಾನು ಹೇಳುವುದು, ಆಮೇಲೆಯೇ ಅವಳು ಕಡ್ಡಿ ಗೀರುವುದು. ಮೊದಲ ಸಲ ಹಾಗೆ ಮಾಡಿದಾಗ ಅಪ್ಪ ಹಿಟ್ಟಿನ ಕಣಕದಿಂದ ಮುಚ್ಚಳದ ಸಂದು ಮೆತ್ತುತ್ತಿದ್ದವನು ಕೈ ನಿಲ್ಲಿಸಿದ.

"ಯಾಂವ ಕಲಿಸಿದ ಇದನ್ನ ನಿನಗ? ನಮ್ಮ ಕಾರ್ಖಾನ್ಯಾಗೂ ಇಷ್ಟು ತಲಿ ಯಾರಿಗೂ ಇಲ್ಲ."

ಆಯಿ ನಾಚಿ ಸೆರಗು ಸರಿಪಡಿಸಿಕೊಂಡಳು. ಮುಚ್ಚಳ ಅಲುಗದಂತೆ ಅಪ್ಪ ಅದರ ಮೇಲೆ ಒರಳಿನ ಗುಂಡುಕಲ್ಲನ್ನು ಹೇರಿದ. ಮಧ್ಯಾಹ್ನದ ಹೊತ್ತಿಗೆ ಮೊದಲ ಹನಿ ಬಿತ್ತು. ಆಯಿ ಅದನ್ನು ಚಮಚದಲ್ಲಿ ಹಿಡಿದು ಒಲೆಗೆ ಎರೆದಳು. ನೀಲಿ ಉರಿ ಎದ್ದಿತು. ಅದು ಅಗ್ನಿಯ ಪಾಲಂತೆ, ಅವಳ ಕಡೆಯ ಪದ್ಧತಿ. ಅಪ್ಪ ಗಿಂಡಿ ಹಿಡಿದು ಕೊಳವೆಯ ಬಾಯಿಯ ಹತ್ತಿರ, ಹಂಡೆಗೆ ಮೊಳ ದೂರದಲ್ಲಿ ಮಣೆ ಹಾಕಿಕೊಂಡು ಕೂತ. ಅಂದಿನಿಂದ ಅದು ಅವನ ಜಾಗವಾಯಿತು.

ಒಂದು ಬೇಸಿಗೆ ಚೆನ್ನಾಗಿ ಕಳೆಯಿತು. ಕಾಜೂ ಹಣ್ಣು ಮುಗಿದ ಮೇಲೆ ಬೆಲ್ಲ ಹುಳಿಸಿದರು. ಬೆಲ್ಲದ ಭಟ್ಟಿಯ ನಾತ ಹಣ್ಣಿನದರ ಹಾಗಲ್ಲ, ಗೋಡೆಗೆ ಹತ್ತಿಕೊಳ್ಳುತ್ತದೆ. ನನ್ನ ಸಾಲೆಯ ಅಂಗಿಗೂ ಹತ್ತಿತ್ತು. ಆಯಿಯ ಲೆಕ್ಕ ಎಲ್ಲಿ ತಪ್ಪಿತೆಂದರೆ, ಅಂಗಡಿಯಲ್ಲಿ ಕುಡಿಯುವಾಗ ಅಪ್ಪ ಗಾಡಿ ಹಿಡಿಯಬೇಕೆಂಬ ಧಾವಂತದಲ್ಲಿ ಎದ್ದು ಬರಲೇಬೇಕಿತ್ತು. ಈಗ ಹಿತ್ತಲಿನಲ್ಲೇ ಇತ್ತು. ಏಳುವ ಕಾರಣವೇ ಇರಲಿಲ್ಲ. ಮೊದಲು ರಾಕ್ಷಸ ಹೊರಗಿನಿಂದ ಬರುತ್ತಿದ್ದ, ಈಗ ನಾವೇ ಮನೆಯಲ್ಲಿ ಒಲೆ ಕಟ್ಟಿ ಇಳಿಸಿಕೊಳ್ಳುತ್ತಿದ್ದೆವು. ಭಟ್ಟಿಯಲ್ಲಿ ಸ್ವಲ್ಪ ಕಡಿಮೆ ಇಳಿದರೆ ಕದ್ದು ಮಾರಿದೆ ಎಂದು ಹೊಡೆತ, ಹೆಚ್ಚು ಇಳಿದರೆ ನೀರು ಬೆರೆಸಿದೆ ಎಂದು ಹೊಡೆತ. ಚರ್ಮದ ಪಟ್ಟಿ, ಸೌದೆ, ಒಮ್ಮೆ ಬಿಸಿ ಇಕ್ಕಳ. ಆಯಿಯ ಕೂದಲನ್ನು ಮುಂಗೈಗೆ ಸುತ್ತಿಕೊಂಡು ಪಡಸಾಲೆಯಿಂದ ಹಿತ್ತಲವರೆಗೆ ಮೂರೂ ಕೋಣೆ ದಾಟಿ ಎಳೆದದ್ದನ್ನು ನಾನು ಮಂಚದ ಕೆಳಗೆ, ನೀರಿನ ಕೊಡದ ಪಕ್ಕ ಮಲಗಿ ನೋಡಿದ್ದೇನೆ. ಹೊಸ್ತಿಲು ದಾಟುವಾಗ ಅವಳ ಹಿಮ್ಮಡಿ ಬಡಿದ ಸಪ್ಪಳ ಮೂರು ಸಲ ಕೇಳಿತು.

ಅವಳೂ ಸುಮ್ಮನೆ ಬಡಿಸಿಕೊಳ್ಳುವವಳಲ್ಲ. ಒಮ್ಮೆ ಅವನ ಮುಂಗೈಯನ್ನು ಎಷ್ಟು ಕಚ್ಚಿ ಹಿಡಿದಳೆಂದರೆ ಬಿಡಿಸಲು ಪಕ್ಕದ ಮನೆಯ ಜುಲೇಖಾ ಚಾಚಿ ಅವಳ ಮೂಗು ಹಿಡಿಯಬೇಕಾಯಿತು. ಚಾಚಿ ನಮ್ಮ ಹಿತ್ತಲ ಗೋಡೆಗೆ ಹೊಂದಿದ ಮನೆಯವಳು, ಬಳೆ ಮಾರುವ ಅಗಲ ಮೈಯ ಹೆಂಗಸು. ದಾರೂ ಎಂದರೆ ಹರಾಮು ಎಂದು ನಮ್ಮ ಹಿತ್ತಲಿಗೆ ಕಾಲಿಡುತ್ತಿರಲಿಲ್ಲ. ಹೊಡೆತದ ಸಪ್ಪಳ ಕೇಳಿದರೆ ಮಾತ್ರ ಅದೇ ಹಿತ್ತಲಿನಿಂದ ಒಳಗೆ ಬರುತ್ತಿದ್ದಳು. ಆ ಕಚ್ಚಿದ ದಿನ ಅವಳು ಅಪ್ಪನೆದುರು ನಿಂತು ದನಿ ಎತ್ತದೆ ಹೇಳಿದ್ದು ನನಗೆ ಇನ್ನೂ ಕೇಳಿಸುತ್ತದೆ.

"ಭಾಯಿ, ಲೋಹ ಬಡದ್ರ ಸೀದಾ ಆಗ್ತದ. ಹೆಂಗಸ್ರು ಆಗೂದಿಲ್ರಿ. ಒಂದಿನ ನೀವ ಹೋಗ್ತೀರಿ, ಇಲ್ಲಾ ಆಕಿ ಹೋಗ್ತಾಳ."

ಅಪ್ಪ ಅಂಗಿಯ ತೋಳು ಇಳಿಸಿ ಕಚ್ಚಿದ ಗಾಯ ಮುಚ್ಚಿಕೊಂಡ. ಹೊರಗಿನವರ ಮುಂದೆ ಅವನು ಬಹಳ ಮರ್ಯಾದಸ್ಥ. ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನು ಮಾಡಲಿ. ಮರುದಿನ ಕಮಲಿ ನನ್ನ ಪಾಟಿಯ ಮೇಲೆ ನೀರು ಚೆಲ್ಲಿದಾಗ ನಾನು ಅವಳ ಜಡೆಯನ್ನು ಮುಂಗೈಗೆ ಸುತ್ತಿಕೊಂಡೆ. ಹೇಗೆ ಸುತ್ತಬೇಕೆಂದು ಯಾರೂ ಕಲಿಸಬೇಕಾಗಿರಲಿಲ್ಲ, ಕೈಗೆ ಗೊತ್ತಿತ್ತು. ಅವಳ ಕಿರುಚಾಟಕ್ಕೆ ಎಚ್ಚರವಾಗಿ ಬಿಟ್ಟೆ. ಬಿಟ್ಟ ಮೇಲೆ ಬೆರಳುಗಳ ನಡುವೆ ಅವಳ ಕೂದಲಿದ್ದವು. ಇವತ್ತಿಗೂ ಸಿಟ್ಟು ಬಂದರೆ ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತೇನೆ. ನನ್ನ ಮಗಳಿಗೆ ಇದು ತಮಾಷೆಯ ಚಟ.

ನನಗೆ ಹನ್ನೊಂದು ತುಂಬಿದ ಬೇಸಿಗೆ. ಕಾಜೂ ಹಣ್ಣು ಮತ್ತೆ ಬಂದಿತ್ತು, ಆಯಿ ಎರಡು ದಿನ ತುಳಿದು ರಸ ಹುಳಿಗಿಟ್ಟಿದ್ದಳು. ಶನಿವಾರ ಸಂಜೆ ಅಪ್ಪ ಬಂದವನು ಇನ್ನೂ ಯಾಕೆ ಇಳಿಸಿಲ್ಲ ಎಂದ. ನಾಳೆಗೆ ಹದ ಬರುತ್ತದೆ ಎಂದಳು ಆಯಿ. ಅಷ್ಟೇ ಮಾತು. ಅವನು ಹಿತ್ತಲಿಗೆ ಹೋಗಿ ಪೀಪಾಯಿ ಉರುಳಿಸಿ, ಸುರುಳಿಯನ್ನು ಹೊರಗೆಳೆದು ಬೂಟುಗಾಲಿನಲ್ಲಿ ತುಳಿದ. ಅದು ಅವನೇ ಮಾಡಿದ ಸುರುಳಿ. ತಡೆಯಲು ಹೋದ ಆಯಿಯ ಬಾಯಿಗೆ ಅದರದೇ ತುದಿಯಿಂದ ಹೊಡೆದ. ಕೆಳತುಟಿ ಎರಡಾಗಿ ಸೀಳಿ ಗದ್ದದವರೆಗೆ ರಕ್ತ ಇಳಿಯಿತು. ಮುಂದಿನ ಒಂದು ಹಲ್ಲು ಹಿತ್ತಲ ಮಣ್ಣಿನಲ್ಲಿ ಬಿತ್ತು. ಅದನ್ನು ನಾನು ಹೆಕ್ಕಿ ಲಂಗದ ಅಂಚಿಗೆ ಕಟ್ಟಿಕೊಂಡೆ, ಯಾಕೆಂದು ಗೊತ್ತಿಲ್ಲ. ಆಯಿ ಅಳಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋಗಿ ನಮಗೆ ಅನ್ನ ಬಡಿಸಿದಳು.

ಭಾನುವಾರ ಬೆಳಿಗ್ಗೆ ಅಪ್ಪ ಎಂದಿನಂತೆ ದುರಸ್ತಿಗೆ ಕೂತ. ತುಳಿದ ಸುರುಳಿಯನ್ನು ಬಿಚ್ಚಿ ನೇರ ಮಾಡಿದ, ಚಪ್ಪಟೆಯಾದ ತುಣುಕು ಕತ್ತರಿಸಿ ಎಸೆದು ಬೆಸೆದ, ನನ್ನನ್ನು ಕರೆದ. ಉಸುಕು ತಾ ಎಂದ. ನಾನು ತಂದೆ. ಚಿಂದಿ ಗಿಡಿದೆ, ತುಂಬಿದೆ, ತಟ್ಟಿದೆ. ಅವನು ಮೊದಲಿಗಿಂತ ಚೆಂದವಾಗಿ ಬಗ್ಗಿಸಿದ. ನೋಡು, ಒಂದು ಸುತ್ತು ಇನ್ನೊಂದರ ಮೇಲೆ ಹೆಂಗ ಕೂತದ ಎಂದು ನನ್ನ ಬೆನ್ನು ಸವರಿದ. ಆ ಕೈ ಬೆನ್ನ ಮೇಲಿದ್ದಾಗ ನನ್ನ ಮೈಯೆಲ್ಲ ಉರಿಯಿತು. ಅಡುಗೆಮನೆಯ ಬಾಗಿಲಲ್ಲಿ ಆಯಿ ನಿಂತಿದ್ದಳು, ತುಟಿ ಬದನೆಕಾಯಿಯ ಹಾಗೆ ಊದಿತ್ತು. ಅಪ್ಪ ಸ್ನಾನಕ್ಕೆ ಹೋದ. ನಾನು ಒಂದು ಬಾಯಿಯ ಚಿಂದಿ ತೆಗೆದು ಉಸುಕನ್ನೆಲ್ಲ ಸುರಿದೆ, ಕೊನೆಯ ಕಾಳಿನವರೆಗೆ. ಇನ್ನೊಂದು ಬಾಯಿಯ ಚಿಂದಿಯನ್ನು ತೆಗೆಯಲಿಲ್ಲ. ಮರೆತದ್ದಲ್ಲ. ಕೋಲು ಹಾಕಿ ಇನ್ನೊಂದು ಗೇಣು ಒಳಗೆ ತಳ್ಳಿದೆ, ಕಣ್ಣಿಗೆ ಕಾಣದ ಹಾಗೆ.

ಅವನು ಸಾಯಲಿ ಎಂದು ಮಾಡಿದೆನೇ? ಐವತ್ತು ವರ್ಷದ ಹತ್ತಿರ ಈ ಪ್ರಶ್ನೆಯನ್ನು ತಿರುವಿ ಹಾಕಿದ್ದೇನೆ. ದೇವರಾಣೆಗೂ ನನ್ನ ತಲೆಯಲ್ಲಿದ್ದದ್ದು ಇಷ್ಟೇ: ಹನಿ ಬರಬಾರದು. ಅವನು ಗಿಂಡಿ ಹಿಡಿದು ಕೂತೇ ಇರಬೇಕು, ಅವನ ಚೆಂದದ ಸುರುಳಿ ಅವನಿಗೆ ಕೈ ಕೊಡಬೇಕು, ನಾಚಿಕೆಯಾಗಬೇಕು. ಹಾರಿಹೋಗುತ್ತದೆ ಎಂಬ ಅವನ ಮಾತು ನೆನಪಿರಲಿಲ್ಲವೇ ಎಂದು ಕೇಳಿದರೆ, ನೆನಪಿತ್ತು. ನಂಬಿದ್ದೆನೋ ಇಲ್ಲವೋ ಈಗ ಹೇಳಲಾರೆ.

ಅವತ್ತು ಆಯಿ ನನ್ನನ್ನು ಕೆನ್ನೆ ಒಡ್ಡಲು ಕರೆಯಲಿಲ್ಲ. ಅವಳು ಸುರುಳಿಯನ್ನು ಪೀಪಾಯಿಗೆ ಇಳಿಸುವುದನ್ನು ನೋಡುತ್ತ ನಾನು ಕಂಬಕ್ಕೆ ಆತುಕೊಂಡು ನಿಂತಿದ್ದೆ. ನನ್ನ ಕಡೆ ಬೆನ್ನು ಮಾಡಿ ಬಾಗಿದವಳು ತಿರುಗಿ ಕರೆದರೆ ಏನು ಹೇಳಲಿ ಎಂದು ಅವಳನ್ನೇ ನೋಡುತ್ತಿದ್ದೆ. ಅವಳು ಒಂದು ಬುಟ್ಟಿ ಬಟ್ಟೆ ತಂದು ನನ್ನ ಕಾಲ ಬಳಿ ಇಟ್ಟಳು. ಸೀಳಿದ ತುಟಿಯಿಂದ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ.

"ಪಾರೂ, ಕಮಲೀನ ಕರಕೊಂಡು ಹೊಳಿಗೆ ಹೋಗು. ಅರಿವಿ ಒಣಗೂತನಕ ಬರಬ್ಯಾಡ."

ಭಾನುವಾರ ನಾವು ಬಟ್ಟೆ ಒಗೆಯುತ್ತಿರಲಿಲ್ಲ. ಆ ಹೊತ್ತಿಗೆ ಅದು ನನಗೆ ಹೊಳೆಯಲಿಲ್ಲ. ತುಟಿ ಒಡೆದದ್ದರಿಂದ ಊದಲು ಆಗುತ್ತಿಲ್ಲ, ಅದಕ್ಕೇ ನನ್ನನ್ನು ಕರೆಯಲಿಲ್ಲ ಎಂದುಕೊಂಡೆ. ಸಿಕ್ಕಿಬೀಳಲಿಲ್ಲವಲ್ಲ ಎಂದು ಬುಟ್ಟಿ ಹೊತ್ತು ಓಡಿದೆ.

ಸಪ್ಪಳ ಹೊಳೆಯವರೆಗೆ ಕೇಳಿತು. ಸೇತುವೆ ಕೆಲಸದವರು ಕಲ್ಲು ಹಾರಿಸಿದರೇನೋ ಎಂದು ದಂಡೆಯ ಹೆಂಗಸರು ಮಾತಾಡಿಕೊಂಡರು. ಒಗೆಯುತ್ತಿದ್ದ ಬಟ್ಟೆಯನ್ನು ನಾನು ಹೊಳೆಯಲ್ಲೇ ಬಿಟ್ಟೆ. ಕಮಲಿಯನ್ನು ದರದರ ಎಳೆದುಕೊಂಡು ಬಂದಾಗ ಹಿತ್ತಲ ಗೋಡೆಯ ಮೇಲೆಲ್ಲ ಹುಳಿ ರಸ ಇಳಿಯುತ್ತಿತ್ತು. ತಗಡಿನ ಮುಚ್ಚಳ ಚಾಚಿಯ ಹಂಚಿನಲ್ಲಿ ನಟ್ಟಿತ್ತು. ಗುಂಡುಕಲ್ಲು ಅಪ್ಪನ ಬಲ ಭುಜವನ್ನು ಒಡೆದು ಪೀಪಾಯಿಗೆ ತಾಕಿ ನಿಂತಿತ್ತು. ಅಪ್ಪ ಮಣೆಯಿಂದ ಎರಡು ಮಾರು ದೂರ ಬಿದ್ದಿದ್ದ. ಮುಖದ ಬಲಭಾಗ, ಕುತ್ತಿಗೆ, ಎದೆ ಕುದಿಯುವ ರಸದಲ್ಲಿ ಬೆಂದು ಚರ್ಮ ಅಂಗಿಯ ಜೊತೆ ಎದ್ದು ಬಂದಿತ್ತು. ಕೂಗುತ್ತಿರಲಿಲ್ಲ, ಬಾಯಿ ಮಾತ್ರ ತೆರೆದು ಮುಚ್ಚುತ್ತಿದ್ದ. ಹರಾಮಿನ ಹಿತ್ತಲಲ್ಲಿ ಜುಲೇಖಾ ಚಾಚಿ ಮೊಣಕಾಲೂರಿ ಅವನ ಮೇಲೆ ಕೊಡಗಟ್ಟಲೆ ನೀರು ಸುರಿಯುತ್ತಿದ್ದಳು. ಆಯಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದಳು. ಅವಳ ಮೈಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

ಬಚ್ಚಲಿನ ಹಂಡೆ ಒಡೆಯಿತು ಎಂದು ಆಯಿ ಎಲ್ಲರಿಗೂ ಹೇಳಿದಳು. ಚಾಚಿ ಹೌದೆಂದಳು. ನಂಬದವರೂ ಹೌದೆಂದರು. ಅಪ್ಪ ಮೂರು ತಿಂಗಳ ಮೇಲೆ ಆಸ್ಪತ್ರೆಯಿಂದ ಮನೆಗೆ ಬಂದ, ಬಲಗಣ್ಣು ಹೋಗಿತ್ತು, ಬಲಗೈ ಭುಜದ ಮೇಲೆ ಏಳುತ್ತಿರಲಿಲ್ಲ. ಆ ಕೈಯೇ ಅವನ ಹೊಟ್ಟೆಪಾಡು, ಆ ಕೈಯೇ ನಮ್ಮ ಭಯ. ಎರಡೂ ಒಟ್ಟಿಗೆ ಮುಗಿದವು. ಆಯಿ ಬೆಳಗಾವಿಯ ಶಹಾಪುರದಲ್ಲಿ ನೇಕಾರರ ಮನೆಯೊಂದರಲ್ಲಿ ನೂಲು ಸುತ್ತುವ ಕೆಲಸ ಹಿಡಿದಳು, ಆಮೇಲೆ ನಾವೂ ಖಾನಾಪುರ ಬಿಟ್ಟು ಅಲ್ಲಿಗೇ ಬಂದೆವು. ಅಪ್ಪ ಇನ್ನೂ ಹನ್ನೆರಡು ವರ್ಷ ಬದುಕಿದ. ಕುಡಿಯಲಿಲ್ಲ, ಕೈ ಎತ್ತಲಿಲ್ಲ, ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಮನೆಯಲ್ಲಿ ಏನಾದರೂ ಒಡೆದರೆ ಒಡೆದೇ ಇರುತ್ತಿತ್ತು. ಆಯಿ ಅವನಿಗೆ ಮಗುವಿಗೆ ತಿನ್ನಿಸುವ ಹಾಗೆ ತುತ್ತು ಕಲಸಿ ತಿನ್ನಿಸುತ್ತಿದ್ದಳು. ರೊಟ್ಟಿ ಸೀಳಿದ್ದರೂ ಅವನು ನೋಡುತ್ತಿರಲಿಲ್ಲ.

ಹೊಡೆತಗಳಿಗಿಂತ ನನ್ನನ್ನು ಹೆಚ್ಚು ನುರಿದದ್ದು ಆ ಹನ್ನೆರಡು ವರ್ಷ. ತಪ್ಪು ತನ್ನದೇ ಎಂದು ಅಪ್ಪ ನಂಬಿದ್ದ. ಸಿಟ್ಟಿನಲ್ಲಿ ತುಳಿದು, ಅವಸರದಲ್ಲಿ ಬಗ್ಗಿಸಿ, ಒಳಗೆ ಎಲ್ಲೋ ಉಸುಕು ಉಳಿಸಿಬಿಟ್ಟೆ ಎಂಬುದು ಅವನ ತಲೆಯಲ್ಲಿ ಕೂತಿತ್ತು. ಹೊಡೆದದ್ದಕ್ಕೆ ಅವನು ಒಮ್ಮೆಯೂ ಕ್ಷಮೆ ಕೇಳಲಿಲ್ಲ. ಕೆಲಸ ಕೆಟ್ಟದ್ದಕ್ಕೆ ಮಾತ್ರ ಒಳಗೊಳಗೇ ಬೇಯುತ್ತಿದ್ದ. ನಾನು ಕಾಲೇಜಿನಿಂದ ಬಂದು ಚಪ್ಪಲಿ ಬಿಡುತ್ತಿದ್ದಂತೆ ಕತ್ತಲು ಮೂಲೆಯಿಂದ ಆ ಒಂದೇ ಪ್ರಶ್ನೆ ಬರುತ್ತಿತ್ತು.

"ಪಾರೂ, ಅವತ್ತು ಉಸುಕು ಪೂರಾ ಬಂದಿತ್ತಲ್ಲ?"

ಬಂದಿತ್ತು ಎನ್ನುತ್ತಿದ್ದೆ. ಅದು ಸುಳ್ಳಲ್ಲ. ಅದಕ್ಕಿಂತ ದೊಡ್ಡ ಸುಳ್ಳೂ ಇಲ್ಲ. ಸಾಯುವ ಹಿಂದಿನ ವಾರವೂ ಕೇಳಿದ. ಹೇಳಿಬಿಡಬೇಕೆಂದು ನಾಲಗೆಯ ತುದಿಗೆ ಬಂತು. ಆಯಿ ಅಲ್ಲೇ ಗಂಜಿ ಆರಿಸುತ್ತ ಕೂತಿದ್ದಳು. ನುಂಗಿಕೊಂಡೆ. ಅವನು ಹೋದ ಮೇಲೆ ಅದನ್ನು ಹೇಳಿಕೊಳ್ಳಲು ಭೂಮಿಯ ಮೇಲೆ ಉಳಿದವಳು ಆಯಿ ಒಬ್ಬಳೇ. ಹೇಳಿದರೆ ಅವಳು ನನ್ನ ಮುಖ ನೋಡುವುದಿಲ್ಲ ಎಂಬ ಹೆದರಿಕೆಯಲ್ಲಿ ನಾನು ಮದುವೆಯಾದೆ, ಹೆತ್ತೆ, ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿ ಮೂವತ್ತು ವರ್ಷ ಗಾಜಿನ ಕೊಳವೆಗಳನ್ನು ತೊಳೆದೆ. ತೊಳೆದ ಪ್ರತಿ ಕೊಳವೆಯನ್ನೂ ಬೆಳಕಿಗೆ ಹಿಡಿದು ಆಚೆ ಬದಿ ನೋಡಿಯೇ ಕೆಳಗಿಡುತ್ತಿದ್ದೆ. ಬಹಳ ಅಚ್ಚುಕಟ್ಟಿನ ಹೆಂಗಸು ಎಂದು ಹೆಸರು ಬಂತು.

ಹೋದ ವರ್ಷ, ಕೆಲಸದಿಂದ ಬಿಡುಗಡೆಯಾದ ಮೇಲೆ, ಮಗಳು ಫೋನಿನಲ್ಲಿ ಏನೋ ತೋರಿಸಿದಳು. ಜನ ಈಗ ಮನೆಯಲ್ಲೇ ಬಿಯರು ಹುಳಿಸಿಕೊಳ್ಳುತ್ತಾರಂತೆ, ಅದಕ್ಕೆ ತಮ್ಮದೇ ಸಲಕರಣೆ ಕಟ್ಟಿಕೊಳ್ಳುತ್ತಾರಂತೆ. ಅವಳು ನಗುತ್ತ ತೋರಿಸಿದ್ದು. ನನಗೆ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಪೇಟೆಗೆ ಹೋಗಿ ಹಾಲಿನವರ ದೊಡ್ಡ ಸ್ಟೀಲು ಕ್ಯಾನು ತಂದೆ. ಅದಕ್ಕೆ ಬುಡದಲ್ಲಿ ನಲ್ಲಿ ಕೂಡಿಸಿದೆ, ಹಿಟ್ಟು ಸೋಸಲು ತೂತಿನ ತಗಡು ಹಾಕಿದೆ, ಹುಳಿಸಲು ಮುಚ್ಚಳದ ಡ್ರಮ್ಮು, ಅದರ ಗಾಳಿ ಹೊರಹೋಗಲು ಸಲಾಯಿನಿನ ನಳಿಗೆ. ಬಾರ್ಲಿಯ ಬದಲು ಅಪ್ಪನ ಊರಿನ ಜೋಳವನ್ನೇ ಮೊಳಕೆ ಬರಿಸಿ ಒಣಗಿಸಿ ಬೀಸಿದೆ. ಯಾಕೆ ಈ ಹುಚ್ಚು ಎಂದು ಮಗಳು ಕೇಳಿದಳು. ಕುಡಿಯುವ ಆಸೆಗಲ್ಲ, ನನಗೆ ಒಂದು ಚಮಚೆಗೇ ತಲೆ ನೋಯುತ್ತದೆ. ಆ ಕೆಲಸವನ್ನು ಒಮ್ಮೆಯಾದರೂ ಸರಿಯಾಗಿ ಮಾಡಿ ಮುಗಿಸಬೇಕಿತ್ತು, ಅಷ್ಟೇ.

ಕುದಿಸಿದ ಜೋಳದ ನೀರನ್ನು ಬೇಗ ತಣಿಸಲು ತಾಮ್ರದ ಸುರುಳಿಯೊಂದು ಬೇಕು. ಅದನ್ನು ಪಾತ್ರೆಯೊಳಗೆ ಇಳಿಬಿಟ್ಟು ಒಳಗೆ ತಣ್ಣೀರು ಹರಿಸುತ್ತಾರೆ. ಇಲ್ಲಿ ಉಗಿಯಿಲ್ಲ, ಹಾರಿಹೋಗುವುದೇನೂ ಇಲ್ಲ. ಆದರೂ ಉಸುಕನ್ನು ನಾನು ಎರಡು ಸಲ ಜರಡಿ ಹಿಡಿದೆ. ಶಹಾಪುರದ ನಮ್ಮ ಮಾಳಿಗೆಯ ಮೇಲೆ, ಕೆಳಗೆ ಬೀದಿಯಲ್ಲಿ ಮಗ್ಗಗಳು ಬಡಿದುಕೊಳ್ಳುತ್ತಿರುವಾಗ, ಚಿಂದಿ ಗಿಡಿದು, ಉಸುಕು ತುಂಬಿ, ನೀರಿನ ಟಾಕಿಗೆ ಕಟ್ಟಿದ ಮರದ ದಿಮ್ಮಿಯ ಸುತ್ತ ಉಸಿರು ಹಿಡಿದು ಬಗ್ಗಿಸಿದೆ. ಕುತ್ತಿಗೆಯ ನರ ಉಬ್ಬಿದ್ದು ನನಗೇ ತಿಳಿಯಿತು. ಸುರುಳಿ ಚೆಂದ ಬಂತು, ಸುತ್ತಿನ ಮೇಲೆ ಸುತ್ತು ಕೂತಿತು. ಎಂಬತ್ತರ ಹತ್ತಿರದ ಆಯಿ ಟಾಕಿಯ ನೆರಳಲ್ಲಿ ಕುರ್ಚಿ ಹಾಕಿಕೊಂಡು ಬಟಾಣಿ ಸುಲಿಯುತ್ತಿದ್ದಳು.

ನಾನು ಎರಡೂ ಚಿಂದಿ ತೆಗೆದೆ. ತೆಗೆದು ಅವಳ ಕಣ್ಣೆದುರೇ ನೆಲದ ಮೇಲಿಟ್ಟೆ, ಒಂದು, ಎರಡು. ಉಸುಕು ಸುರಿದೆ. ಆಯಿ ಬಟಾಣಿಯ ತಾಟು ಪಕ್ಕಕ್ಕಿಟ್ಟು ಎದ್ದು ಬಂದು, ಸೊಟ್ಟ ಮಣಿಕಟ್ಟಿನ ಕೈಯಿಂದ ಸುರುಳಿಯ ಒಂದು ತುದಿ ಹಿಡಿದು ಬಾಯಿಗಿಟ್ಟಳು. ಹಲ್ಲಿಲ್ಲದ ಬಾಯಿ, ಕೆಳತುಟಿಯ ಮೇಲೆ ಆ ಗೆರೆ. ನಾನು ಕೂತು ಇನ್ನೊಂದು ತುದಿಗೆ ಕೆನ್ನೆ ಒಡ್ಡಿದೆ. ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ಬಂತು, ತಣ್ಣಗೆ, ತಾಮ್ರದ ವಾಸನೆ ಹೊತ್ತು. ಈಗ ಹೇಳಿಬಿಡಬೇಕು, ಇನ್ನು ಇಟ್ಟುಕೊಳ್ಳಲಾರೆ ಎಂದು ಬಾಯಿ ತೆರೆದೆ.

"ಆಯೀ, ಅವತ್ತು ಚಿಂದಿ..."

"ಗೊತ್ತದ."

ಅವಳು ಕೊಳವೆಯ ತುದಿಯನ್ನು ಸೆರಗಿನಿಂದ ಒರೆಸಿದಳು. ನನ್ನ ಕಡೆ ನೋಡಲಿಲ್ಲ.

"ತುಟಿ ಹರದಿತ್ತು, ಆದ್ರೂ ಅವತ್ತೂ ನಿನಗ ಬೆನ್ನ ಮಾಡಿ ನಾ ಊದಿ ನೋಡಿದ್ನಿ. ಉಸಿರು ಆಚಿ ಹೋಗಲಿಲ್ಲ. ತಿರುಗಿದ್ರ ನೀ ಕಂಬದ ಕಡೆ ನಿಂತು ನನ್ನ ಮಾರಿ ನೋಡಾಕತ್ತಿದ್ದಿ. ಅದಕ್ಕ ನಿನ್ನ ಹೊಳಿಗೆ ಕಳಿಸಿದ್ನಿ."

ಕೆಳಗೆ ಮಗ್ಗಗಳು ಬಡಿಯುತ್ತಲೇ ಇದ್ದವು. ನಾನು ನೆಲದ ಮೇಲೆ ಕೂತೇ ಇದ್ದೆ, ಕೆನ್ನೆ ಇನ್ನೂ ಕೊಳವೆಗೆ ತಾಕಿತ್ತು.

"ನೀ ಸಣ್ಣಾಕಿ ಇದ್ದಿ, ಪಾರೂ. ಕಡ್ಡಿ ಗೀರಿದಾಕಿ ನಾನು."

ಅವಳು ಹೋಗಿ ಕುರ್ಚಿಯಲ್ಲಿ ಕೂತು ಬಟಾಣಿಯ ತಾಟನ್ನು ಮಡಿಲಿಗೆ ಎಳೆದುಕೊಂಡಳು. ಒಂದೆರಡು ಕಾಯಿ ಸುಲಿದ ಮೇಲೆ, ಒಲೆ ಹಚ್ಚುವುದಿಲ್ಲವೇ, ಹೊತ್ತು ಏರುತ್ತಿದೆ ಎಂದಳು. ನಾನು ಎದ್ದೆ. ಕಡ್ಡಿಪೆಟ್ಟಿಗೆ ಅವಳ ಕುರ್ಚಿಯ ಪಕ್ಕವೇ ಇತ್ತು. ಅವಳು ಅದನ್ನು ಎತ್ತಿ, ನನ್ನ ಕೈಗೆ ಕೊಡದೆ, ತಾನೇ ಹಿಡಿದುಕೊಂಡು ಕೂತಳು. ನಾನು ಕೈ ಚಾಚಿಕೊಂಡೇ ನಿಂತೆ. ಬಹಳ ಹೊತ್ತಿನ ಮೇಲೆ ಕೊಟ್ಟಳು.